ಮನಿಮಗ ಹೂ ಕೇಳಿದ್ದು

ಓಟಿಗಾಗಿ ಐದು ತಾಲೂಕು ಸುತ್ತುತ್ತಿದ್ದ ಪ್ರವೀಣಕುಮಾರ್ ಯಾವ ಊರಿನಲ್ಲಿ ಹುಟ್ಟಿದನೆಂಬುದು ಇಂದಿಗೂ ಯಾರಿಗೂ ಸರಿಯಾಗಿ ತಿಳಿಯದು. ಕೂಡ್ಲಿಗಿಯ ಸಭೆಯಲ್ಲಿ, ಕಾನಹೊಸಹಳ್ಳಿಯ ಹಾದಿಯಲ್ಲಿ ಓಡುತ್ತಿದ್ದ ಚಕ್ಕಡಿಯೊಳಗೆ ತನ್ನ ಅವ್ವ ತನ್ನನ್ನು ಹೆತ್ತಳೆಂದು ಹೇಳಿದ್ದ. ಕೊಟ್ಟೂರಿನವರಿಗೆ, ತನ್ನ ತೊಟ್ಟಿಲು ತೂಗಿದ್ದು ನಿಮ್ಮ ಊರಿನ ಅಜ್ಜಿ ಎಂದ. ಹಗರಿಬೊಮ್ಮನಹಳ್ಳಿಯಲ್ಲಿ ಮೊದಲ ತುತ್ತು ತಿಂದಿದ್ದ, ಹರಪನಹಳ್ಳಿಯಲ್ಲಿ ಮೊದಲ ಹೆಜ್ಜೆ ಇಟ್ಟಿದ್ದ. ಹೂವಿನಹಡಗಲಿಯ ಸೀಮೆಗೆ ಬರುವ ಹೊತ್ತಿಗೆ ಹುಟ್ಟುವುದಕ್ಕಾಗಲಿ ನಡೆಯುವುದಕ್ಕಾಗಲಿ ಏನೂ ಉಳಿದಿರಲಿಲ್ಲ. ಆದರೂ ಅವನು ಸೋಲಲಿಲ್ಲ.

"ನಮ್ಮವ್ವ ಬಸುರಿದ್ದಾಗ ಮುಡಿದಿದ್ದು ಹಡಗಲಿ ಮಲ್ಲಿಗಿ. ಆ ವಾಸನಿ ನಾನು ಹೊಟ್ಟ್ಯಾಗಿದ್ದಾಗನ ಕುಡಿದೀನಿ. ನಾ ನಿಮ್ಮ ಮನಿಮಗ" ಎಂದ.

ಜನ ಚಪ್ಪಾಳೆ ತಟ್ಟಿದರು. ಗುರುಬಸಮ್ಮನೂ ತಟ್ಟಿದಳು. ತಟ್ಟಿದ ಮೇಲೆ ಕೈ ನೋಡಿಕೊಂಡು, ಗುಡಿಯ ಗಂಟೆ ಬಾರಿಸುವುದನ್ನು ಬಿಟ್ಟರೆ ಈ ಕೈ ಬೇರೆ ಸದ್ದು ಮಾಡಿ ನಾಲ್ಕು ತಿಂಗಳಾಯಿತಲ್ಲ ಎಂದುಕೊಂಡಳು.

ಅವಳ ಊರು ಬನ್ನಿಕಟ್ಟೆ. ಮಾಗಳದಿಂದ ಎರಡು ಮೈಲಿ, ಹೊಳೆಯ ದಂಡೆಯಲ್ಲಿ. ನೂರು ಮನೆಗಳಲ್ಲಿ ಅರ್ಧ ಮಲ್ಲಿಗೆ ತೋಟದವರು, ಉಳಿದವರಲ್ಲಿ ಹೆಚ್ಚಿನವರು ಕುರಿ ಸಾಕುವವರು. ಎರಡು ಕೇರಿಗಳ ನಡುವೆ ಬಸವಣ್ಣನ ಗುಡಿ. ಅವಳ ಗಂಡ ವೀರಭದ್ರಯ್ಯ ನಲವತ್ತೆರಡು ವರ್ಷ ಅಲ್ಲಿ ಪೂಜೆ ಮಾಡಿದವನು. ಈ ಸಲದ ಪುಷ್ಯ ಮಾಸದಲ್ಲಿ ಒಂದು ದಿನ ಬೆಳಗಿನ ಪೂಜೆ ಮುಗಿಸಿ ಕಟ್ಟೆಯ ಮೇಲೆ ಕೂತ. "ಯಾಕೋ ಚಳಿ" ಎಂದ. ಎದುರಿಗೆ ಕುರಿ ಹೊಡೆದುಕೊಂಡು ಹೊರಟಿದ್ದ ಮೈಲಪ್ಪ ತನ್ನ ಹೆಗಲ ಕಂಬಳಿ ತೆಗೆದು ಹೊದಿಸಿದ. ವೀರಭದ್ರಯ್ಯ ಆ ಕಂಬಳಿಯೊಳಗಿಂದ ಏಳಲಿಲ್ಲ. ಮಕ್ಕಳಿಲ್ಲದ ಮನೆ. ಊರ ಹಿರಿಯರು ಕೂಡಿ, "ಹೊಸಬರು ಸಿಗೋತನಕ ನೀನ ಎರಡು ಪತ್ರಿ ಏರಿಸವ್ವ" ಎಂದರು. ಹೊಸಬರು ಸಿಗಲಿಲ್ಲ. ಬಸವಣ್ಣನೂ ಬೇಸರ ತೋರಿಸಲಿಲ್ಲ.

ಪ್ರವೀಣಕುಮಾರನನ್ನು ಅವಳು ಮೆಚ್ಚಿದ್ದಕ್ಕೆ ಕಾರಣವಿತ್ತು. ಗಂಡನ ಶಿವಗಣಾರಾಧನೆಯ ದಿನ ಅವನು ಕರೆಯದೆ ಬಂದಿದ್ದ. ಚಾಪೆ ಹಾಸಿದರೂ ಬರಿಯ ನೆಲದ ಮೇಲೆ ಕೂತು, ಅವಳ ಎರಡೂ ಕೈ ಹಿಡಿದು, "ಯವ್ವಾ, ಇನ್ನ ಮ್ಯಾಲೆ ನಾನ ಈ ಮನಿಮಗ" ಎಂದು ಅತ್ತಿದ್ದ. ಕಣ್ಣೀರು ನಿಜವಾದದ್ದೇ. ಹಸಿವೂ ನಿಜವಾದದ್ದೇ, ಎರಡು ಸಲ ಅನ್ನ ಹಾಕಿಸಿಕೊಂಡ. ಅದಾದ ಮೇಲೆ ಇನ್ನೊಂದು ಕೆಲಸ ಮಾಡಿದ. ಬನ್ನಿಕಟ್ಟೆ ಕ್ರಾಸಿನಲ್ಲಿ ಬಸ್ಸು ನಿಲ್ಲುತ್ತಿರಲಿಲ್ಲ. ಹೂವಿನ ಬುಟ್ಟಿ ಹೊತ್ತ ಹೆಂಗಸರು ಕೈ ಬೀಸಿ ಬೀಸಿ ಸೋತಿದ್ದರು. ಪ್ರವೀಣಕುಮಾರ್ ಬಿಳಿ ಅಂಗಿ ಬಿಳಿ ಪಂಚೆಯಲ್ಲಿ ಡಾಂಬರಿನ ಮೇಲೆ ಅಡ್ಡ ಮಲಗಿಬಿಟ್ಟ. ಬಸ್ಸು ನಿಂತಿತು. ಅವತ್ತಿನಿಂದ ನಿಲ್ಲುತ್ತಲೇ ಇದೆ. ಇದನ್ನು ಅಲ್ಲವೆನ್ನುವವರು ಯಾರು?

ಹಗರಿಬೊಮ್ಮನಹಳ್ಳಿಗೆ ಕೊಟ್ಟಿದ್ದ ಅಕ್ಕನ ಮಗಳು ಸುಕನ್ಯಾ ಒಂದು ದಿನ ಫೋನಿನಲ್ಲಿ ನಕ್ಕಳು. "ಚಿಗವ್ವಾ, ನಮ್ಮನಿಗೂ ಬಂದಿದ್ದ. ನಮ್ಮತ್ತಿ ಕೈ ಹಿಡಿದು ಅತ್ತ. ಮನಿಮಗ ಅಂದ."

"ಎರಡು ಸಲ ಉಂಡನೇನು?"

"ಮೂರು ಸಲ. ಬದನಿಕಾಯಿ ಪಲ್ಯ ಇತ್ತು."

"ಹಂಗಾದ್ರ ಅವ ಮನಿಮಗ ಅಲ್ಲವಾ, ಮನಿಮನಿ ಮಗ" ಎಂದು ಗುರುಬಸಮ್ಮನೂ ನಕ್ಕಳು. ಆದರೆ ಸಿಟ್ಟು ಬರಲಿಲ್ಲ. ಪಾಪ, ಎಲ್ಲ ಕಡೆಯೂ ನಿಜವಾಗಿಯೇ ಅಳುತ್ತಾನೇನೋ ಎಂದುಕೊಂಡಳು.

ವೈಶಾಖದಲ್ಲಿ ಮಲ್ಲಿಗೆಯ ದರ ಬಿತ್ತು. ದಾವಣಗೆರೆಯ ಮಾರುಕಟ್ಟೆಗೆ ಹೋದ ಬುಟ್ಟಿಗಳು ಕೇಳುವವರಿಲ್ಲದೆ ಬಾಡಿದವು. ಯಾಕೆಂದು ಯಾರಿಗೂ ತಿಳಿಯಲಿಲ್ಲ. ತಿಳಿಯದಿದ್ದಾಗ ಮನುಷ್ಯನಿಗೆ ತಿಳಿಸುವವನೊಬ್ಬ ಬೇಕಾಗುತ್ತಾನೆ. ಎಲೆಕ್ಷನ್ನು ಹತ್ತಿರ ಬಂದಿತ್ತು. ಪ್ರವೀಣಕುಮಾರ್ ಬನ್ನಿಕಟ್ಟೆಯಲ್ಲಿ ಸಭೆ ಮಾಡಿ ತಿಳಿಸಿದ.

"ಮಲ್ಲಿಗಿ ಚಿಗುರು ತಿನ್ನೋರು ಯಾರು?"

ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹಿಂದಿನಿಂದ ಯಾರೋ, "ಕುರಿ" ಎಂದರು.

"ಯಾರು?"

"ಕುರಿ" ಎಂದು ಅರ್ಧ ಸಭೆ ಕೂಗಿತು.

"ಹೂವಿನ ಊರು ಹೂವಿನೋರಿಗೆ. ಕುರಿ ಗುಡ್ಡ ದಾಟಿ ಆಚೀಗೆ" ಎಂದು ಅವನು ಹಾಡಿದ ಹಾಗೆ ಹೇಳಿದ.

ಆ ಮಾತು ಬಾಯಿಗೆ ಬಹಳ ರುಚಿಯಾಗಿತ್ತು. ಎರಡು ದಿನದಲ್ಲಿ ಊರೆಲ್ಲ ಅದನ್ನೇ ಜಗಿಯತೊಡಗಿತು. ಮೈಲಪ್ಪನ ಮೊಮ್ಮಗಳು, ಎಂಟು ವರ್ಷದ ಭೂಮಿಕಾ, ಅದರ ಅರ್ಥ ತಿಳಿಯದೆ ಹಗ್ಗದಾಟ ಆಡುತ್ತ, "ಹೂವಿನ ಊರು ಹೂವಿನೋರಿಗೆ" ಎಂದು ಜಿಗಿಯುತ್ತಿದ್ದಳು. ಒಂದು ವಾರದಲ್ಲಿ, ಕುರಿಗಳು ನೀರು ಕುಡಿಯುವ ತೊಟ್ಟಿಯ ನಲ್ಲಿಗೆ ಯಾರೋ ಬೀಗ ಹಾಕಿದರು. ಹದಿನೈದು ದಿನದಲ್ಲಿ ಯಾರೋ ಕಲ್ಲು ಬೀಸಿ ಒಂದು ಮರಿಯ ಕಾಲು ಮುರಿದರು. ಆ 'ಯಾರೋ' ಯಾರೆಂದು ಎಲ್ಲರಿಗೂ ಗೊತ್ತಿತ್ತು, ಯಾರೂ ಹೇಳಲಿಲ್ಲ.

ಮೈಲಪ್ಪನ ಹೆಂಡತಿ ಗಾದೆಮ್ಮ ಗುರುಬಸಮ್ಮನಿಗೆ ನಲವತ್ತು ವರ್ಷದ ಗೆಳತಿ. ಇಬ್ಬರೂ ನಸುಕಿನಲ್ಲಿ ಜೊತೆಯಾಗಿ ಮಾರಣ್ಣನ ತೋಟಕ್ಕೆ ಮೊಗ್ಗು ಬಿಡಿಸಲು ಹೋಗುವವರು. ಅವತ್ತು ಗಾದೆಮ್ಮನ ಕೈ ಗಿಡದ ಮೇಲೆ ನಿಂತೇ ಇತ್ತು.

"ಯಾಕ, ಗಿಡಕ್ಕ ಕಣ್ಣು ಹಾಕ್ತೀಯೇನು?" ಎಂದಳು ಗುರುಬಸಮ್ಮ.

"ಹರಪನಹಳ್ಳಿ ಕಡಿಗೆ ನನ್ನ ತಮ್ಮನ ಊರೈತಲ್ಲಕ್ಕ. ಅಲ್ಲಿಗೆ ಹೋಗ್ತೀವಿ ಅಂತ ಮನಿಯಾಗ ಮಾತಾಗೈತಿ. ಮುಂದಿನ ವಾರ ಮಾರಣ್ಣ ಬ್ಯಾರೆ ಯಾರನ್ನರ ಕರ್ಕೊಳ್ಳಲಿ."

ಗುರುಬಸಮ್ಮ ತನ್ನ ಉಡಿಯೊಳಗಿನ ಮೊಗ್ಗುಗಳನ್ನು ನೋಡಿದಳು. ಪುಷ್ಯದಲ್ಲಿ ಒಬ್ಬರು ಹೋದರು. ಈಗ ಇವಳೂ ಹೊರಟಳು. "ನೀ ಹೋದ್ರ ನನ್ನ ಕೂಡ ಜಗಳ ಆಡೋರು ಯಾರ ಅದಾರ?" ಎಂದಳು.

ತೋಟದ ಮಾರಣ್ಣನೂ ನೆಮ್ಮದಿಯಾಗಿರಲಿಲ್ಲ. ಸಭೆಯಲ್ಲಿ 'ಕುರಿ' ಎಂದು ಗಟ್ಟಿಯಾಗಿ ಕೂಗಿದವರಲ್ಲಿ ಅವನೂ ಒಬ್ಬ. ಕೂಗಿದ ಮೇಲೆ ಊಟ ಸೇರುತ್ತಿರಲಿಲ್ಲ. ಕೊನೆಗೆ ಕಟ್ಟೆಯ ಮೇಲೆ ಕೂತವರ ಮುಂದೆ, "ನಮಗ್ಯಾಕ ಈ ಪಾಪ? ಬಸವಣ್ಣನ್ನ ಹೂ ಕೇಳೋಣ" ಎಂದ. ಮಾತು ಪ್ರವೀಣಕುಮಾರನ ಕಿವಿಗೆ ಬಿದ್ದದ್ದೇ ತಡ, "ನಾನ ಕೇಳ್ತೀನಿ. ಸೋಮವಾರ, ಎಲ್ಲಾರ ಮುಂದ. ಫೋನಿನಾಗ ಐದೂ ತಾಲೂಕು ನೋಡಲಿ" ಎಂದ.

ಬನ್ನಿಕಟ್ಟೆಯಲ್ಲಿ ಹೂ ಕೇಳುವ ಪದ್ಧತಿ ಹಳೆಯದು. ಕಲ್ಲಿನ ನಂದಿಯಾಗಿ ಕೂತ ಬಸವಣ್ಣನ ಬಲ ಭುಜಕ್ಕೆ ಏಳು, ಎಡ ಭುಜಕ್ಕೆ ಏಳು ಮಲ್ಲಿಗೆ ಮೊಗ್ಗುಗಳನ್ನು ಬರಿಯ ನೀರಿನಿಂದ ಅಂಟಿಸುತ್ತಾರೆ. ಮೊದಲು ಬಲಗಡೆಯದು ಬಿದ್ದರೆ ಹೌದು, ಎಡಗಡೆಯದು ಬಿದ್ದರೆ ಅಲ್ಲ. ಅಂಟಿಸಿದ ಮೇಲೆ ಮೊಗ್ಗನ್ನು ಯಾರೂ ಮುಟ್ಟುವಂತಿಲ್ಲ. ಕೇಳುವವನು ಬರಿಹೊಟ್ಟೆಯಲ್ಲಿ ಬಂದು, ಒಂದೇ ಮಾತಿನಲ್ಲಿ ಕೇಳಬೇಕು. ಕೇಳಿದ ಮೇಲೆ ಹೂ ಬೀಳುವ ತನಕ ಕೂತಲ್ಲಿಂದ ಏಳಬಾರದು, ತುಟಿ ಬಿಚ್ಚಬಾರದು. ಮಾತಾಡಿದರೆ ಪ್ರಶ್ನೆ ಮುರಿಯಿತು. ಮುರಿದ ಪ್ರಶ್ನೆಯನ್ನು ಆ ಬಸವಣ್ಣನ ಮುಂದೆ ಯಾರೂ ಮತ್ತೆ ತರುವಂತಿಲ್ಲ. ಅದೇಕೆ ಹಾಗೆ ಎಂದು ಗುರುಬಸಮ್ಮ ಮದುವೆಯಾದ ಹೊಸದರಲ್ಲಿ ಗಂಡನನ್ನು ಕೇಳಿದ್ದಳು. "ಕೇಳೋದು ಅಂದ್ರ ಬರೇ ಬಾಯಿ ಕೆಲಸ ಅಲ್ಲ. ಕೇಳಿದವ ಆಮ್ಯಾಲೆ ಕೇಳಿಸ್ಕೋಬೇಕು. ಬಾಯಿ ತೆರೆದಿದ್ರ ಕಿವಿ ಮುಚ್ಚಿರತೈತಿ" ಎಂದಿದ್ದ ವೀರಭದ್ರಯ್ಯ. ಪ್ರಸಾದದ ಹೂವೊಂದು ದಿನವೂ ಅವನ ಕಿವಿಯ ಮೇಲಿರುತ್ತಿತ್ತು. "ಯಾರು ನಿಮ್ಮ ಕಿವಿಗೆ ಹೂ ಇಟ್ಟೋರು?" ಎಂದು ಅವಳು ಹಾಸ್ಯ ಮಾಡಿದರೆ, "ದೇವ್ರು ಇಟ್ರ ಪ್ರಸಾದ, ಮಂದಿ ಇಟ್ರ ಮೋಸ. ಹೂವ ನೋಡಬಾರದು, ಇಟ್ಟ ಕೈ ನೋಡ್ಬೇಕು" ಎನ್ನುತ್ತಿದ್ದ.

ಭಾನುವಾರ ಸಂಜೆ ಅರುಣಕುಮಾರ್ ಅವಳ ಮನೆಗೆ ಬಂದ. ಅವನು ಊರಿನ ಹೂವಿನ ದಲ್ಲಾಳಿ. ಎಲ್ಲರ ತೋಟದ ಹೂವೂ ಅವನ ತಕ್ಕಡಿ ಹತ್ತಿಯೇ ದಾವಣಗೆರೆಗೆ ಹೋಗಬೇಕು. ಈಚೆಗೆ ಪ್ರವೀಣಕುಮಾರನ ಬಲಗೈ ಕೂಡ ಅವನೇ.

"ಕಾಕಿ, ಅಣ್ಣ ಗುಡಿಗೆ ದೊಡ್ಡ ಗೋಪುರ ಕಟ್ಟಸ್ತಾನಂತ. ಕಲ್ಲಿನ ಮ್ಯಾಲೆ ಕಾಕಾರ ಹೆಸರು ಕೆತ್ತಸ್ತಾನಂತ."

"ನಿಮ್ಮ ಕಾಕಾರು ಗಿಡ್ಡ ಇದ್ರಪ್ಪ. ಅಷ್ಟೆತ್ತರ ಹತ್ತಿ ಕುಂದ್ರೋದು ಅವರಿಗೆ ಆಗಂಗಿಲ್ಲ."

ಅವನು ನಕ್ಕ ಹಾಗೆ ಮಾಡಿ ದನಿ ತಗ್ಗಿಸಿದ. "ನಾಳೆ ಬಲಕ್ಕ ಬೀಳೋ ಹಂಗ ನೋಡ್ಕೊಳ್ರಿ. ಅಂಟಸೋ ಕೈ ನಿಮ್ಮದ ಐತಲ್ಲ."

"ಅಂಟಸೋದು ನಂದು. ಬೀಳೋದು ಅವನದು."

"ಕಾಕಿ, ನೀವು ಇಲ್ಲಿ ತಾತ್ಕಾಲಿಕ ಅದೀರಿ. ಅದನ್ನ ಮರೀಬ್ಯಾಡ್ರಿ."

"ಮರೆತಿಲ್ಲಪ್ಪ. ನಿಮ್ಮ ಕಾಕಾರೂ ನಲವತ್ತೆರಡು ವರ್ಷ ತಾತ್ಕಾಲಿಕನ ಇದ್ರು. ಚಾ ಕುಡಿತೀಯೇನು?"

ಚಹಾ ಕುಡಿಯದೆ ಅವನು ಎದ್ದುಹೋದ. ಅವನ ಎದುರು ಹಗುರವಾಗಿ ಮಾತಾಡಿದಳೇ ಹೊರತು ಒಬ್ಬಳೇ ಆದಾಗ ಅವಳ ಮನಸ್ಸು ಬೇರೆ ದಾರಿ ಹಿಡಿಯಿತು. ಒಣಗಿದ ಮೊಗ್ಗು ಬೇಗ ಬೀಳುತ್ತದೆ, ನೀರುಂಡ ಮೊಗ್ಗು ಕಲ್ಲನ್ನು ಬಿಡುವುದಿಲ್ಲ. ಇದು ಪೂಜೆಯ ಮನೆಯವರಿಗೆ ಮಾತ್ರ ಗೊತ್ತಿರುವ ಸಂಗತಿ. ಎಡಗಡೆಗೆ ಏಳು ಬಾಡಿದ ಮೊಗ್ಗು ಇಟ್ಟರೆ ಸಾಕು, ಗಾದೆಮ್ಮ ಊರಲ್ಲೇ ಉಳಿಯುತ್ತಾಳೆ. ಯಾರಿಗೆ ತಿಳಿಯುತ್ತದೆ? ಅವಳು ಬುಟ್ಟಿಯಿಂದ ಏಳು ಮೊಗ್ಗು ಆರಿಸಿ ಬೆಳಗಿನ ಬಿಸಿಲು ಬೀಳುವ ಕಿಟಕಿಯ ಮೇಲೆ ಇಟ್ಟೇಬಿಟ್ಟಳು.

ಗಂಡನ ಮಂಚದ ಮೇಲೆ ಮೈಲಪ್ಪನ ಕಂಬಳಿ ಮಡಿಸಿಟ್ಟ ಹಾಗೆಯೇ ಇತ್ತು. ಅದನ್ನು ನೋಡುತ್ತ ಕೂತಳು. ವೀರಭದ್ರಯ್ಯನಿಗೂ ಒಣ ಮೊಗ್ಗಿನ ಗುಟ್ಟು ಗೊತ್ತಿತ್ತು. ಗೊತ್ತಿದ್ದುದರಿಂದಲೇ ಅವನು ಕಣ್ಣು ಮುಚ್ಚಿಕೊಂಡು ಅಂಟಿಸುತ್ತಿದ್ದ. ಬಸವಣ್ಣನ ಬಾಯಲ್ಲಿ ತನ್ನ ಮಾತು ತುರುಕಿ, ಇದು ದೇವರ ಮಾತು ಎಂದು ಮಂದಿಯ ಮುಂದೆ ನಿಂತರೆ, ಆ ಮನಿಮಗನಿಗೂ ತನಗೂ ಭೇದವೇನು ಉಳಿಯಿತು? ಎದ್ದು ಕಿಟಕಿಯ ಮೇಲಿನ ಏಳೂ ಮೊಗ್ಗುಗಳನ್ನು ನೀರಿನ ಬೋಗುಣಿಗೆ ಹಾಕಿದಳು. "ತಪ್ಪಾತಪ್ಪ ತಂದೆ, ಹೊಟ್ಟಿಕಿಚ್ಚಿಗಲ್ಲ, ಗೆಳತಿ ಆಸೀಗೆ" ಎಂದು ಗುಡಿಯ ದಿಕ್ಕಿಗೆ ಕೈ ಮುಗಿದಳು.

ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆಲ್ಲ ಗುಡಿಯ ಅಂಗಳ ತುಂಬಿತು. ತೋಟದವರು ಒಂದು ಕಡೆ, ಕುರಿಯವರು ಒಂದು ಕಡೆ. ಗಾದೆಮ್ಮ ಕಂಬದ ಮರೆಗೆ ಕೂತಿದ್ದಳು. ಗುರುಬಸಮ್ಮ ಕಣ್ಣು ಮುಚ್ಚಿಕೊಂಡು ಹದಿನಾಲ್ಕು ಮೊಗ್ಗುಗಳನ್ನು ಅಂಟಿಸಿದಳು. ಆರತಿಯ ತಟ್ಟೆ ತರಲು ಹಿಂದಿನ ಕೋಣೆಗೆ ಹೋಗಿ ಬರುವಷ್ಟರಲ್ಲಿ, ಅರುಣಕುಮಾರ್ ತಾಮ್ರದ ಗಿಂಡಿಯನ್ನು ಮೆಲ್ಲಗೆ ಕೆಳಗಿಟ್ಟು ಗರ್ಭಗುಡಿಯ ಬಾಗಿಲಿನಿಂದ ಹೊರಗೆ ಜಾರುತ್ತಿದ್ದ. ನೋಡುತ್ತಾಳೆ, ಬಸವಣ್ಣ ಸ್ನಾನ ಮಾಡಿ ಎದ್ದವನ ಹಾಗೆ ತೊಯ್ದು ತೊಪ್ಪೆಯಾಗಿದ್ದಾನೆ. ಬಲ ಭುಜಕ್ಕೆಂದು ಬೆನ್ನ ಹಿಣಿಲಿನ ಮೇಲಿಂದ ಸುರಿದ ನೀರು ಆಚೆಗೂ ಹರಿದು ಎಡ ಭುಜವನ್ನೂ ತೋಯಿಸಿತ್ತು. ಎರಡೂ ಕಡೆಯ ಮೊಗ್ಗುಗಳು ಕಲ್ಲಿಗೆ ಗಟ್ಟಿಯಾಗಿ ಕೂತಿದ್ದವು.

ಏನಾಗಿದೆಯೆಂದು ಅವಳಿಗೆ ಕೂಡಲೇ ತಿಳಿಯಿತು. ಹೂವಿಗೆ ನೀರು ಹೊಡೆದರೆ ಭಾರವಾಗುತ್ತದೆ ಎಂಬುದು ದಲ್ಲಾಳಿಯ ಬಾಳಿನುದ್ದದ ಅನುಭವ. ಭಾರವಾದದ್ದು ಬೇಗ ಬೀಳಬೇಕಲ್ಲ ಎಂದು ಪಾಪ ಲೆಕ್ಕ ಹಾಕಿದ್ದಾನೆ. ತಕ್ಕಡಿಯ ಬುದ್ಧಿ ದೇವರ ಭುಜದ ಮೇಲೆ ನಡೆಯುವುದಿಲ್ಲ ಎಂಬುದು ಅವನಿಗೆ ಹೇಗೆ ಗೊತ್ತಿರಬೇಕು? ಅಂಟಿಸಿದ ಮೊಗ್ಗನ್ನು ಅವಳೂ ಮುಟ್ಟುವಂತಿರಲಿಲ್ಲ. "ನೀನೂ ನೋಡಿದಿ, ನಾನೂ ನೋಡಿದೆ. ಮುಂದಿಂದು ನಿನಗ ಬಿಟ್ಟೀನಿ" ಎಂದು ಒಳಗೇ ಹೇಳಿಕೊಂಡು ಆರತಿ ಎತ್ತಿದಳು. ನಗು ಬಂದದ್ದನ್ನು ಸೆರಗಿನಲ್ಲಿ ಮುಚ್ಚಿದಳು.

ಪ್ರವೀಣಕುಮಾರ್ ಕೈ ಜೋಡಿಸಿ ಕೂತ. ಅರುಣಕುಮಾರ್ ಎದುರಿಗೆ ಫೋನು ಹಿಡಿದ.

"ಬಸವಣ್ಣಾ, ಕುರಿಯೋರು ಈ ಊರು ಬಿಡಬೇಕು ಅನ್ನೋದು ನಿನ್ನ ಮನಸ್ಸಾಗಿದ್ರ ಬಲಕ್ಕ ಹೂ ಕೊಡು" ಎಂದು ಅವನು ಘಂಟೆಯಂಥ ದನಿಯಲ್ಲಿ ಕೇಳಿ ಬಾಯಿ ಮುಚ್ಚಿದ.

ಮೊದಲ ಹತ್ತು ನಿಮಿಷ ಅವನು ಚಿತ್ರದಲ್ಲಿ ಬರೆದ ಭಕ್ತನ ಹಾಗಿದ್ದ. ಇಪ್ಪತ್ತು ನಿಮಿಷಕ್ಕೆ ಬೆವರು ಇಳಿಯಿತು. ಅರ್ಧ ಗಂಟೆಗೆ ಒಂದು ನೊಣ ಅವನ ಮೂಗಿನ ಮೇಲೆ ಬಂದು ಕೂತು ಸುತ್ತಲಿನ ಸಭೆಯನ್ನು ನೋಡಿತು. ಅವನ ತುಟಿಗಳು ಒಳಗೊಳಗೇ ಆಡುತ್ತಿದ್ದವು. ಮೊಗ್ಗುಗಳು ಅಲ್ಲಾಡಲಿಲ್ಲ.

ಜನರಿಗೆ ಅವನನ್ನು ಮಾತಿಲ್ಲದೆ ನೋಡಿ ರೂಢಿಯಿರಲಿಲ್ಲ. ಅವನು ಇದ್ದಲ್ಲಿ ಬೇರೆಯವರ ಮಾತಿಗೆ ಜಾಗವೇ ಇರುತ್ತಿರಲಿಲ್ಲ. ಇವತ್ತು ಅಷ್ಟು ದೊಡ್ಡ ಜಾಗ ಖಾಲಿ ಬಿದ್ದಿತ್ತು. ಮೊದಲು ಪಿಸುಮಾತು ಎದ್ದಿತು. ಆಮೇಲೆ ಕೆಮ್ಮು, ಆಮೇಲೆ ಮಾತು.

"ಬಸವಣ್ಣಗೂ ಅವಸರ ಇಲ್ಲ ನೋಡು" ಎಂದ ಹುಲುಗಣ್ಣ. ಅವನು ಊರಿನ ಕ್ಷೌರಿಕ, ನಾಲಗೆಯೂ ಕತ್ತಿಯಷ್ಟೇ ಹರಿತ. "ಎಲೆಕ್ಷನ್ ನಮಗೈತಿ, ಅವನಿಗೇನೈತಿ?"

ಗುಡಿಯ ಹೊರಗೆ ಭೂಮಿಕಾ ಹಗ್ಗ ತಿರುಗಿಸುತ್ತ, "ಹೂವಿನ ಊರು ಹೂವಿನೋರಿಗೆ" ಎಂದು ಜಿಗಿಯುತ್ತಿರುವುದು ಕೇಳಿಸಿತು. ಮಾರಣ್ಣ ಬಾಗಿಲ ಬಳಿ ಕೂತಿದ್ದವನು ಹೊರಳಿ ನೋಡಿದ.

"ಕೂಸ, ನೀ ಯಾರ ಪೈಕಿ?"

"ನಾ ಹೂವಿನೋರ ಪೈಕಿ."

"ಯಾರಂದ್ರು?"

"ಯಾರನ್ನಬೇಕು? ನಮ್ಮಜ್ಜಿ ದಿನಾ ನಿನ್ನ ತ್ವಾಟದಾಗ ಹೂ ಬಿಡಸ್ತಾಳಲ್ಲ ತಾತ" ಎಂದು ಹೇಳಿ, ಇಷ್ಟೂ ಗೊತ್ತಿಲ್ಲದ ಮುದುಕನೇ ಎಂಬಂತೆ ನೋಡಿ, ಅವಳು ಮತ್ತೆ ಜಿಗಿಯತೊಡಗಿದಳು.

ಗಾದೆಮ್ಮ ಕಂಬದ ಮರೆಯಲ್ಲಿ ಇನ್ನಷ್ಟು ಸರಿದಳು. ಮಾರಣ್ಣ ತಲೆ ಕೆಳಗೆ ಹಾಕಿ ಒಂದು ಕಡ್ಡಿಯಿಂದ ನೆಲ ಗೀಚಿದ. ಆಮೇಲೆ ತಲೆಯೆತ್ತದೆಯೇ, "ಲೇ ಮೈಲ್ಯಾ" ಎಂದ.

"ಏನೋ" ಎಂದ ಆಚೆ ಕಡೆಯಿಂದ ಮೈಲಪ್ಪ.

"ಈ ಸಲ ನನ್ನ ತ್ವಾಟದಾಗ ಯಾಕ ಕುರಿ ನಿಲ್ಲಿಸ್ಲಿಲ್ಲ ನೀನು?"

"ನೀನ ಬ್ಯಾಡ ಅಂದೆಲ್ಲ."

"ನಾ ಅಂದ್ರ ನೀ ಬಿಟ್ಟುಬಿಡೋದೇನು? ಮೂವತ್ತು ವರ್ಷ ನಿನ್ನ ಕುರಿ ಹಿಕ್ಕಿ ಗೊಬ್ಬರ ಉಂಡ ಗಿಡ ಅವು. ಈ ವರ್ಷ ಮೊಗ್ಗು ನೋಡು, ಜೀರಗಿ ಆದಂಗಾಗ್ಯಾವ."

"ನನ್ನ ಕುರಿ ಚಿಗುರು ತಿಂತಾವ ಅಂತ ಕೂಗಿದ್ದು ನೀನ ಅಲ್ಲೇನು?"

"ಕೂಗಿದೆ. ಎಲ್ಲಾರೂ ಕೂಗಿದ್ರು, ನಾನೂ ಕೂಗಿದೆ. ತಿಂದಿದ್ದು ಒಂದು ಸಲ. ಅದೂ ನಾನ ಬೇಲಿ ಗೇಟು ತೆರದಿಟ್ಟಿದ್ದೆ."

"ಆತು ಬಿಡು. ದರ ಬಿದ್ದಿದ್ದೂ ನನ್ನ ಕುರಿಯಿಂದನ ಅಂತಲ್ಲ?"

"ಹೌದೌದು" ಎಂದು ನಡುವೆ ಹುಲುಗಣ್ಣ ಬಾಯಿ ಹಾಕಿದ. "ಮೈಲಪ್ಪನ ಟಗರು ದಿನಾ ಬೆಳಿಗ್ಗಿ ಎದ್ದು ಮೊದಲನೇ ಬಸ್ಸಿಗೆ ದಾವಣಗೇರಿಗೆ ಹೋಗಿ, ಮಾರ್ಕೆಟ್ಟಿನಾಗ ಕುಂತು ದರ ಕೂಗಿ ಬರತೈತಿ. ನಾನ ಕಣ್ಣಾರೆ ನೋಡೀನಿ. ಟಿಕೇಟೂ ತಗಸಂಗಿಲ್ಲ."

ನಗು ಒಂದು ಮೂಲೆಯಿಂದ ಎದ್ದು ಇನ್ನೊಂದು ಮೂಲೆಗೆ ಹೋಯಿತು. ನಕ್ಕವರಲ್ಲಿ ಎರಡೂ ಕಡೆಯವರಿದ್ದರು. ನಕ್ಕ ಮೇಲೆ, ದಾವಣಗೆರೆಯಲ್ಲಿ ದರ ಕೂಗುವವರು ನಿಜವಾಗಿ ಯಾರು ಎಂದು ನೆನಪಾಗಿ ಕೆಲವರ ಕಣ್ಣು ಅರುಣಕುಮಾರನ ಕಡೆಗೂ ಹೋಯಿತು. ಅವನು ಫೋನನ್ನು ಮುಖಕ್ಕೆ ಅಡ್ಡ ಹಿಡಿದ.

ಪ್ರವೀಣಕುಮಾರನ ಸ್ಥಿತಿ ನೋಡುವ ಹಾಗಿರಲಿಲ್ಲ. ಕಣ್ಣೆದುರೇ ಸಭೆ ಕೈ ತಪ್ಪುತ್ತಿದೆ, ಒಂದೇ ಒಂದು ಮಾತಾಡಿದರೆ ಹಿಡಿದು ತರಬಲ್ಲ. ಆದರೆ ಆಡುವಂತಿಲ್ಲ. ಅವನು ಅರುಣಕುಮಾರನಿಗೆ ಕೈಸನ್ನೆ ಮಾಡಿದ. ಬೀಸಣಿಗೆ ಬೇಕೆಂದು ಕೈ ಬೀಸಿದರೆ, ಅರುಣಕುಮಾರ್ ಎಲ್ಲರನ್ನೂ ಹಿಂದೆ ಸರಿಯಿರಿ ಎಂದ. ಮೊಗ್ಗಿನ ಕಡೆ ಬೆರಳು ತೋರಿಸಿದರೆ ನೀರಿನ ಗಿಂಡಿಯ ಕಡೆ ನೋಡಿದ. ಅಲ್ಲ ಅಲ್ಲ ಎಂದು ತಲೆಯಾಡಿಸಿ, ಜನರ ಬಾಯಿ ಮುಚ್ಚಿಸು ಎಂಬರ್ಥದಲ್ಲಿ ತನ್ನ ಬಾಯಿಯ ಮುಂದೆ ಮುಷ್ಟಿ ಹಿಡಿದು ಅಲ್ಲಾಡಿಸಿದ. ಈ ಸನ್ನೆ ಮಾತ್ರ ಅರುಣಕುಮಾರನಿಗೆ ಥಟ್ಟನೆ ತಿಳಿಯಿತು. ಓಡಿಹೋಗಿ ಮೈಕು ತಂದು ಆ ಮುಷ್ಟಿಯೊಳಗೆ ಇಟ್ಟ.

ಹಸುವಿಗೆ ಕರು ಮುಟ್ಟಿದರೆ ಹಾಲು ಇಳಿಯುವುದು ಹಸುವಿನ ತಪ್ಪಲ್ಲ.

"ನನ್ನ ಪ್ರೀತಿಯ ಅಣ್ಣತಮ್ಮಂದಿರೇ, ಅಕ್ಕತಂಗಿಯರೇ, ನಾ ನಿಮ್ಮ ಮನಿಮಗ" ಎಂದು ಗುಡಿಯ ಸುತ್ತ ಕಟ್ಟಿಸಿದ್ದ ನಾಲ್ಕೂ ಧ್ವನಿವರ್ಧಕಗಳಲ್ಲಿ ಕೇಳಿಸಿತು.

ಅವನಿಗೆ ಮೊದಲು ತಿಳಿಯಲೇ ಇಲ್ಲ. ಜನ ಬಾಯಿ ತೆರೆದು ನೋಡುತ್ತಿರುವುದನ್ನು ಕಂಡು, ಮೆಚ್ಚಿಗೆ ಎಂದುಕೊಂಡು ಇನ್ನೂ ಅರ್ಧ ವಾಕ್ಯ ಮುಂದೆ ಹೋದ. ಆಮೇಲೆ ನಾಲಗೆ ಕಚ್ಚಿಕೊಂಡ. ಅದೂ ಮೈಕಿನಲ್ಲಿ ಕೇಳಿಸಿತು.

ಗುರುಬಸಮ್ಮ ಎದ್ದು ಗಂಟೆಯನ್ನು ಒಂದೇ ಒಂದು ಸಲ ಬಾರಿಸಿದಳು. "ಮಾತು ಮುರೀತು. ಪ್ರಶ್ನಿ ಮುರೀತು. ಇನ್ನ ಈ ಪ್ರಶ್ನಿ ಈ ಗುಡಿಗಿ ಬರಂಗಿಲ್ಲ" ಎಂದಳು.

ಗುಡಿಯೆಲ್ಲ ನಕ್ಕಿತು. ಅಷ್ಟು ನಗು ಆ ಕಂಬಗಳು ಕೇಳಿ ಬಹಳ ಕಾಲವಾಗಿರಬೇಕು. ಕೆಂಪಾಗಿ ಕೂತಿದ್ದ ಪ್ರವೀಣಕುಮಾರ್ ಒಂದು ಗಳಿಗೆ ಸುತ್ತ ನೋಡಿ, ತಾನೂ ಅವರೊಂದಿಗೆ ನಗತೊಡಗಿದ. "ಬಸವಣ್ಣಗ ನನ್ನ ಭಾಷಣ ಕೇಳೋ ಆಸಿ ಆಗಿತ್ರಪ್ಪ. ಅದಕ್ಕ ಹೂ ತಡದ" ಎಂದ. ಕೆಲವರು ಚಪ್ಪಾಳೆ ತಟ್ಟಿದರು. ಅದನ್ನು ಕೇಳಿ ಗುರುಬಸಮ್ಮನಿಗೆ, ಆ ವೈಶಾಖದ ಬಿಸಿಲಲ್ಲೂ, ಒಳಗೆ ಸಣ್ಣ ಚಳಿಯಾಯಿತು. ಇವನನ್ನು ಬೀಳಿಸುವುದು ಸುಲಭ, ಬಿದ್ದಲ್ಲಿ ಇರಿಸುವುದು ಕಷ್ಟ ಎಂದುಕೊಂಡಳು.

ಆದರೂ ಹಸಿದವನು. ಅವಳು ಹತ್ತಿರ ಹೋಗಿ, "ಮನಿಮಗ ಅಂದೀಯಲ್ಲಪ್ಪ, ಬಾ, ಉಣ್ಣು. ಉಂಡ ಮ್ಯಾಲೆ ಮನಿಮಗ ಮಾಡೋ ಕೆಲಸ ಒಂದೈತಿ" ಎಂದಳು.

"ಏನ್ಯವ್ವಾ?"

"ಕುರಿ ತೊಟ್ಟಿಗೆ ಯಾರೋ ಬೀಗ ಹಾಕ್ಯಾರ. ಕೀಲಿ ನಿನ್ನ ಕಡಿಯೋರ ಹತ್ರನ ಐತಿ. ತಗಸು."

ಅವನು ಅವಳ ಮುಖವನ್ನು ದಿಟ್ಟಿಸಿ ನೋಡಿದ. ಒಮ್ಮೆ ಮಾತ್ರ, ಭಾಷಣದ ದನಿಯಲ್ಲದ ದನಿಯಲ್ಲಿ, "ಆತವ್ವಾ" ಎಂದ. ರೊಟ್ಟಿ, ಹೆಸರುಕಾಳಿನ ಪಲ್ಯ ಮೂರು ಸಲ ಹಾಕಿಸಿಕೊಂಡ. ಆಮೇಲೆ ತೊಟ್ಟಿಯ ಬಳಿಗೆ ಹೋಗಿ ಬೀಗ ತೆಗೆಸಿದ. ತೆಗೆಯುವಾಗ ಅರುಣಕುಮಾರ್ ಫೋನು ಹಿಡಿದಿದ್ದ. ತಾನು ಹಿಂದಿನ ಜನ್ಮದಲ್ಲಿ ಕುರುಬನಾಗಿದ್ದೆನೆಂದು ಪ್ರವೀಣಕುಮಾರ್ ಐದು ತಾಲೂಕಿನವರಿಗೂ ಹೇಳಿದನಂತೆ. ಸುಕನ್ಯಾ ಆಮೇಲೆ ಫೋನಿನಲ್ಲಿ ಹೇಳಿದಳು. ಹೇಳಲಿ ಬಿಡು, ಮರಿಗಳು ನೀರು ಕುಡಿದವಲ್ಲ ಎಂದಳು ಗುರುಬಸಮ್ಮ. ಎಲೆಕ್ಷನ್ನಿನಲ್ಲಿ ಅವನು ಗೆಲ್ಲಲೂಬಹುದು. ಅದು ಬಸವಣ್ಣನನ್ನು ಯಾರೂ ಕೇಳದ ಪ್ರಶ್ನೆ.

ಮಧ್ಯಾಹ್ನ ಗುಡಿ ಖಾಲಿಯಾದ ಮೇಲೆ ಅವಳು ನೆಲ ಗುಡಿಸುತ್ತಿದ್ದಳು. ಗಾದೆಮ್ಮ ಕಂಬಕ್ಕೆ ಒರಗಿ ಕೂತಿದ್ದಳು. ಅಷ್ಟರಲ್ಲಿ ನೀರಾರಿದ ಕಲ್ಲಿನಿಂದ ಒಂದು ಮೊಗ್ಗು ಕಳಚಿ ಬಿತ್ತು. ಬಿಸಿಲಿಗೆ ಅದು ಅರ್ಧ ಅರಳಿತ್ತು.

"ಯಾವ ಕಡಿ ಬಿತ್ತಕ್ಕ?" ಎಂದು ಗಾದೆಮ್ಮ ಉಸಿರು ಹಿಡಿದು ಕೇಳಿದಳು.

ಗುರುಬಸಮ್ಮ ಅದನ್ನು ಎತ್ತಿಕೊಂಡಳು. "ಕೆಳಗ ಬಿತ್ತು" ಎಂದಳು.

"ಅಲ್ಲಕ್ಕ, ಎಡಕೋ ಬಲಕೋ?"

"ಕೇಳೋರಿಲ್ಲದಾಗ ಬಿದ್ದದ್ದಕ್ಕ ಎಡ ಬಲ ಇಲ್ಲವಾ. ಹರಪನಹಳ್ಳಿಗೆ ಯಾವತ್ತು ಹೊಂಟೀರಿ?"

"ಮಾರಣ್ಣ ನಾಳೆಯಿಂದ ತ್ವಾಟದಾಗ ಕುರಿ ನಿಲ್ಲಿಸು ಅಂದಾನಂತ. ಒಂದು ತಿಂಗಳು ನಿಲ್ಲಿಸ್ಬೇಕಂತ. ಇನ್ನೆಲ್ಲಿ ಹರಪನಹಳ್ಳಿ" ಎಂದು ಗಾದೆಮ್ಮ ಗೊಣಗಿದಳು. ಗೊಣಗುತ್ತಲೇ ಎದ್ದು ಬಂದು, ಆ ಹೂವನ್ನು ಅವಳ ಕೈಯಿಂದ ತೆಗೆದುಕೊಂಡು, ಅವಳ ಕಿವಿಯ ಮೇಲೆ ಇಟ್ಟಳು. ವೀರಭದ್ರಯ್ಯ ಇಟ್ಟುಕೊಳ್ಳುತ್ತಿದ್ದ ಕಡೆಗೇ ಇಟ್ಟಳು.

ಗುರುಬಸಮ್ಮ ಅದನ್ನು ತೆಗೆಯಲಿಲ್ಲ. ಕೊಡ ತೆಗೆದುಕೊಂಡು ನೀರಿಗೆ ಹೋದಳು. ದಾರಿಯಲ್ಲಿ ಬೇಲಿ ಸರಿಮಾಡುತ್ತಿದ್ದ ಮಾರಣ್ಣ ನೋಡಿ ನಕ್ಕ. "ಏನ್ಯವ್ವಾ, ಇವತ್ತು ನಿನ್ನ ಕಿವಿಗೆ ಯಾರು ಹೂ ಇಟ್ಟೋರು?"

"ಕುರಿಯೋರು ಇಟ್ರಪ್ಪ" ಎಂದು ಅವಳು ನಿಲ್ಲದೆ ಮುಂದೆ ನಡೆದಳು.